ಹಬ್ಬದ ಸಾಲಿಟೇರ್ ಕೈಕೊಟ್ಟರೆ: ಮೊದಲು ಎಲೆ ನೋಡಿ, ಆಮೇಲೆ ಯಂತ್ರ

ಸಾಲಿಟೇರ್, ಅಂದರೆ ಕಂಪ್ಯೂಟರಿನಲ್ಲಿ ಒಬ್ಬರೇ ಆಡುವ ಇಸ್ಪೀಟೆಲೆಯ ಆಟ, ಕೆಟ್ಟಿದೆ ಎಂದು ಯಾರೇ ಹೇಳಿದರೂ ನನ್ನ ಮೊದಲ ಮಾತು ಒಂದೇ: ಆಟವನ್ನು ತೆಗೆದುಹಾಕಿ ಮತ್ತೆ ಹಾಕಲು ಹೋಗಬೇಡಿ. ಅದು ಕೊನೆಯ ಉಪಾಯ. ಬಹಳಷ್ಟು ಜನ ಅದನ್ನೇ ಮೊದಲು ಮಾಡುತ್ತಾರೆ. ನೂರಾರು ಹಂತ ದಾಟಿ ಗಳಿಸಿದ್ದ ನಾಣ್ಯಗಳೂ ಆ ನಾಣ್ಯಗಳಿಂದ ಅಲಂಕರಿಸಿದ್ದ ಕ್ರಿಸ್‌ಮಸ್ ಮನೆಯೂ ಹೋದ ಮೇಲೆ ನಮ್ಮಂಥ ರಿಪೇರಿಯವರಿಗೆ ಫೋನ್ ಮಾಡುತ್ತಾರೆ.

ಮೈಸೂರಿನಿಂದ ಮಂಡ್ಯದವರೆಗೆ ಮನೆಮನೆಗೆ ಹೋಗಿ ಕಂಪ್ಯೂಟರ್ ನೋಡುವ ಕೆಲಸ ನನ್ನದು. ದಸರಾ ರಜೆ ಮತ್ತು ಡಿಸೆಂಬರ್ ಕೊನೆ ಬಂತೆಂದರೆ ಈ ದೂರುಗಳು ಹೆಚ್ಚುತ್ತವೆ. ಮಕ್ಕಳು ಊರಿಗೆ ಬಂದವರು ಅಜ್ಜಿ ತಾತಂದಿರ ಕಂಪ್ಯೂಟರಿಗೆ ಹಬ್ಬದ ಆಟವೊಂದನ್ನು ಹಾಕಿಕೊಟ್ಟು ಹೋಗುತ್ತಾರೆ. ಹಿಂದೆ ಹಿಮ ಸುರಿಯುತ್ತಿರುತ್ತದೆ, ಗಂಟೆಗಳ ಸಂಗೀತ ಕೇಳುತ್ತಿರುತ್ತದೆ, ಪ್ರತಿ ಹಂತ ಗೆದ್ದಾಗ ಒಂದು ಉಡುಗೊರೆ ಡಬ್ಬ ತೆರೆಯುತ್ತದೆ. ಮಕ್ಕಳು ಬಸ್ಸು ಹತ್ತಿದ ಮರುದಿನದಿಂದ ಸಮಸ್ಯೆ ಶುರು. ಆಟ ಯಾವ ಕಂಪನಿಯದೇ ಆಗಿರಲಿ, ದೋಷ ಹುಡುಕುವ ದಾರಿ ಒಂದೇ ಆದ್ದರಿಂದ ಯಾವುದೇ ಆಟದ ಹೆಸರನ್ನು ಇಲ್ಲಿ ಹೇಳುವುದಿಲ್ಲ.

ಹಿಮ ಬೀಳುತ್ತಿದೆಯೇ?

ಫೋನಿನಲ್ಲಿ ನಾನು ಕೇಳುವ ಮೊದಲ ಪ್ರಶ್ನೆ ಇದು. ಕೇಳಿದವರು ನಗುತ್ತಾರೆ, ಆದರೆ ಅರ್ಧ ರೋಗ ಇಲ್ಲಿಯೇ ಗೊತ್ತಾಗುತ್ತದೆ. ಎಲೆ ಅಲುಗಾಡುತ್ತಿಲ್ಲ, ಆದರೆ ಹಿಂದೆ ಹಿಮ ಬೀಳುತ್ತಲೇ ಇದೆ ಎಂದಾದರೆ ಆಟ ಜೀವಂತವಾಗಿದೆ. ನಿಮ್ಮ ನಡೆಯನ್ನು ಅದು ಒಪ್ಪುತ್ತಿಲ್ಲ, ಅಷ್ಟೇ. ಕಾರಣ ನಿಯಮದಲ್ಲಿದೆ, ಇಲ್ಲವೇ ಮೌಸಿನಲ್ಲಿದೆ. ಹಿಮ ಗಾಳಿಯಲ್ಲೇ ನಿಂತಿದ್ದು ಮೌಸಿನ ಬಾಣ ಮಾತ್ರ ಓಡಾಡುತ್ತಿದ್ದರೆ ಆಟ ಸ್ತಬ್ಧವಾಗಿದೆ. ಬಾಣವೂ ನಿಂತಿದ್ದರೆ ಕಂಪ್ಯೂಟರೇ ನಿಂತಿದೆ, ಅಥವಾ ತಂತಿಯಿಲ್ಲದ ಮೌಸಿನ ಬ್ಯಾಟರಿ ಮುಗಿದಿದೆ. ಈ ಕೊನೆಯದನ್ನು ಪರೀಕ್ಷಿಸಲು ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ದೀಪ ಹತ್ತಿ ಆರಿದರೆ ಕಂಪ್ಯೂಟರ್ ಚೆನ್ನಾಗಿದೆ, ಮೌಸನ್ನು ವಿಚಾರಿಸಿಕೊಳ್ಳಿ.

ಹಿಮದ ಅಲಂಕಾರವನ್ನು ಆಟದ ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿದ್ದವರು ಸಂಗೀತ ಕೇಳಲಿ, ಅಥವಾ ಮೆನು ಗುಂಡಿಯ ಮೇಲೆ ಬಾಣ ಇಟ್ಟು ಅದು ಬಣ್ಣ ಬದಲಿಸುತ್ತದೆಯೇ ನೋಡಲಿ. ಸಂಗೀತವನ್ನು ಪೂರ್ತಿ ನಂಬಬಾರದು. ಆಟ ಸ್ತಬ್ಧವಾದ ಮೇಲೂ ಕೆಲವೊಮ್ಮೆ ಅದು ಸ್ವಲ್ಪ ಹೊತ್ತು ಹಾಡುತ್ತಿರುತ್ತದೆ.

ಆಟ ನಿಜವಾಗಿಯೂ ಸ್ತಬ್ಧವಾಗಿದ್ದರೆ ಎರಡು ನಿಮಿಷ ಸುಮ್ಮನೆ ಬಿಡಿ. ಕಂಪ್ಯೂಟರಿನ ಗುಂಡಿಯನ್ನು ಒತ್ತಿ ಹಿಡಿದು ಆರಿಸುವುದು ಬೇಡ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿಂದ ಆಟವನ್ನು ಮಾತ್ರ ಮುಚ್ಚಬಹುದು. ಇಡೀ ಯಂತ್ರವನ್ನು ಆರಿಸಿದರೆ ಏನಾಗುತ್ತದೆ ಎಂಬುದು ಮುಂದೆ ಬರುತ್ತದೆ.

ದೋಷವಲ್ಲದ ದೋಷಗಳು

ನನಗೆ ಬರುವ ದೂರುಗಳಲ್ಲಿ ದೊಡ್ಡ ಪಾಲು ಈ ಗುಂಪಿನದು. ಇದಕ್ಕೆ ರಿಪೇರಿಯೂ ಇಲ್ಲ, ದುಡ್ಡೂ ಇಲ್ಲ. ಆದರೂ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಜನ ಹೆಚ್ಚು ತಲೆಕೆಡಿಸಿಕೊಳ್ಳುವುದು ಇಲ್ಲಿಯೇ.

“ಇದು ಎಲೆಗಳನ್ನು ಕಲಸುತ್ತಲೇ ಇಲ್ಲ, ಅವೇ ಎಲೆಗಳು ಮತ್ತೆ ಮತ್ತೆ ಬರುತ್ತವೆ.” ಇದು ಹಳೆಯ ಕ್ಲಾಂಡೈಕ್ ಬಗೆಯ ಆಟದ ದೂರು. ಲೆಕ್ಕ ಹಾಕಿ ನೋಡಿ: 52 ಎಲೆಗಳಲ್ಲಿ 28 ಏಳು ಸಾಲುಗಳಿಗೆ ಹೋಗುತ್ತವೆ, ಕಟ್ಟಿನಲ್ಲಿ 24 ಉಳಿಯುತ್ತವೆ. ಮೂರು ಮೂರಾಗಿ ಮಗುಚುವ ಆಟವಾದರೆ ಎಂಟು ಸಲಕ್ಕೆ ಕಟ್ಟು ಮುಗಿಯುತ್ತದೆ, ಪ್ರತಿ ಸಲವೂ ಮೇಲಿನ ಒಂದು ಎಲೆ ಮಾತ್ರ ನಿಮ್ಮ ಕೈಗೆ ಸಿಗುತ್ತದೆ. ನೀವು ಯಾವುದನ್ನೂ ಎತ್ತಿಕೊಳ್ಳದಿದ್ದರೆ ಮುಂದಿನ ಸುತ್ತಿನಲ್ಲೂ ಅವೇ ಎಂಟು ಎಲೆಗಳು ಮೇಲೆ ಬರುತ್ತವೆ. ಉಳಿದ 16 ಮುಖ ತೋರಿಸಿದರೂ ಕೈಗೆ ಬರುವುದಿಲ್ಲ. ಕಟ್ಟನ್ನು ತಿರುಗಿಸಿ ಇಡುವುದುಂಟೇ ಹೊರತು ಮತ್ತೆ ಕಲಸುವುದಿಲ್ಲ. ನಡುವೆ ಒಂದೇ ಒಂದು ಎಲೆಯನ್ನು ಎತ್ತಿಕೊಂಡರೂ ಅದರ ಮುಂದಿನ ಜೋಡಣೆಯೆಲ್ಲ ಒಂದೊಂದು ಸ್ಥಾನ ಸರಿದು ಹೊಸ ಎಲೆಗಳು ಮೇಲೆ ಬರುತ್ತವೆ. ಹಾಗಾಗಿ ಅವಶ್ಯವಿಲ್ಲದಿದ್ದರೂ ಕಟ್ಟಿನ ಆರಂಭದ ಕಡೆಯ ಒಂದು ಎಲೆಯನ್ನು ಎತ್ತಿ ಇಡುವುದು ಎಷ್ಟೋ ಸಲ ಆಟವನ್ನು ಬಿಡಿಸುತ್ತದೆ.

ಇಷ್ಟಾದರೂ ಆಟ ಬಿಡಿಸಿಕೊಳ್ಳದೆ ಇರಬಹುದು. ಮೂರೆಲೆ ಮಗುಚುವ ಕ್ಲಾಂಡೈಕಿನಲ್ಲಿ ಎಲ್ಲ ಎಲೆಗಳೂ ಮೊದಲೇ ಕಣ್ಣಿಗೆ ಕಾಣುತ್ತವೆ ಎಂದುಕೊಂಡರೂ ಗೆಲ್ಲಬಹುದಾದ ಹಂಚಿಕೆಗಳು ನೂರಕ್ಕೆ ಸುಮಾರು 82 ಮಾತ್ರ. ಮುಚ್ಚಿದ ಎಲೆಗಳ ಎದುರು ಆಡುವ ನಮ್ಮಂಥವರ ಪಾಲಿಗೆ ಗೆಲುವು ಅದಕ್ಕಿಂತ ಬಹಳ ಕಡಿಮೆ. ಇದಕ್ಕೆ ತದ್ವಿರುದ್ಧ ಫ್ರೀಸೆಲ್ ಎಂಬ ಇನ್ನೊಂದು ಬಗೆಯ ಸಾಲಿಟೇರ್: ವಿಂಡೋಸಿನ ಹಳೆಯ ಫ್ರೀಸೆಲ್‌ನಲ್ಲಿದ್ದ 32,000 ಹಂಚಿಕೆಗಳಲ್ಲಿ ಗೆಲ್ಲಲಾಗದೆ ಉಳಿದದ್ದು 11982ನೆಯದು ಒಂದೇ. ಆದ್ದರಿಂದ ಆಟ ಸಿಕ್ಕಿಹಾಕಿಕೊಂಡಿತು ಎನ್ನುವ ಮೊದಲು ನೀವು ಆಡುತ್ತಿರುವುದು ಯಾವ ಬಗೆಯ ಸಾಲಿಟೇರ್ ಎಂಬುದನ್ನು ತಿಳಿದುಕೊಳ್ಳಿ.

ಹಬ್ಬದ ಆಟಗಳಲ್ಲಿ ಹೆಚ್ಚಿನವು ಮೂರು ಶಿಖರಗಳ ಬಗೆಯವು, ಟ್ರೈಪೀಕ್ಸ್ ಎನ್ನುತ್ತಾರೆ. ಇದನ್ನು ರಾಬರ್ಟ್ ಹೋಗ್ ಎಂಬವರು 1989ರಲ್ಲಿ ರೂಪಿಸಿದರು. ತೆರೆದ ಎಲೆಗಿಂತ ಒಂದು ಹೆಚ್ಚು ಅಥವಾ ಒಂದು ಕಡಿಮೆ ಇರುವ ಎಲೆಯನ್ನು ಬಣ್ಣ ನೋಡದೆ ಎತ್ತಬಹುದು. ಮೂಲ ಆಟದಲ್ಲಿ ಶಿಖರಗಳಲ್ಲಿ 28 ಎಲೆ, ಕೆಳಗೆ ತೆರೆದದ್ದು ಒಂದು, ಕಟ್ಟಿನಲ್ಲಿ 23. “ಎಕ್ಕದ ಮೇಲೆ ಎರಡು ಕೂರುತ್ತದೆ, ರಾಜ ಕೂರುವುದಿಲ್ಲ” ಎಂಬ ದೂರು ಇದರದ್ದು. ರಾಜನಿಂದ ಎಕ್ಕಕ್ಕೆ ಸುತ್ತಿ ಬರಲು ಬಹುತೇಕ ಆಟಗಳು ಬಿಡುತ್ತವೆ, ಕೆಲವು ಬಿಡುವುದಿಲ್ಲ, ಇನ್ನು ಕೆಲವು ಕಷ್ಟದ ಹಂತಗಳಲ್ಲಿ ಮಾತ್ರ ಬಿಡುವುದಿಲ್ಲ. ನಿಯಮದ ಪುಟವನ್ನು ಒಮ್ಮೆ ತೆರೆದು ನೋಡಿದರೆ ತೀರಿತು. ಮುಮ್ಮಡಿ ಕೃಷ್ಣರಾಜ ಒಡೆಯರ್ ಗಂಜೀಫಾ ಎಂಬ ಹಳೆಯ ಬಗೆಯ ಇಸ್ಪೀಟೆಲೆಗಳಿಗೆ ತಾವೇ ಹೊಸ ಹೊಸ ಆಟಗಳನ್ನು ರಚಿಸಿ ನಿಯಮ ಬರೆಸಿದ ಊರು ನಮ್ಮದು. ಎಲೆ ಒಂದೇ ಆದರೂ ಆಟಕ್ಕೊಂದು ಕಟ್ಟಳೆ ಇರುತ್ತದೆ ಎಂಬುದನ್ನು ಮೈಸೂರಿನವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

“ಒಂದೇ ಆಟದಲ್ಲಿ ಎರಡು ಆಟೀನು ಗುಲಾಮ ಬಂದವು, ಇದರಲ್ಲಿ ಮೋಸವಿದೆ.” ಮೋಸವಿಲ್ಲ. ಹಂತ ಹಂತವಾಗಿ ಸಾಗುವ ಹಬ್ಬದ ಆಟಗಳು ಒಂದು ಕಟ್ಟಿನ 52 ಎಲೆಗಳಿಗೆ ಬದ್ಧವಾಗಿರಬೇಕೆಂದಿಲ್ಲ. ಮೇಜಿನ ಮೇಲೇ ಅದಕ್ಕಿಂತ ಹೆಚ್ಚು ಎಲೆ ಹರಡುವ ಹಂತಗಳೂ ಇರುತ್ತವೆ. ಸ್ಪೈಡರ್ ಆಟವಂತೂ ಎರಡು ಕಟ್ಟುಗಳ 104 ಎಲೆಗಳಲ್ಲಿ ನಡೆಯುತ್ತದೆ. ಅದರಲ್ಲಿ ಇನ್ನೊಂದು ತೊಡಕಿದೆ. ಯಾವುದಾದರೂ ಸಾಲು ಖಾಲಿ ಇದ್ದರೆ ಕಟ್ಟಿನಿಂದ ಹೊಸ ಎಲೆಗಳನ್ನು ಹಂಚಲು ಸಾಮಾನ್ಯವಾಗಿ ಬಿಡುವುದಿಲ್ಲ. ಕಟ್ಟಿನ ಮೇಲೆ ಎಷ್ಟು ಒತ್ತಿದರೂ ಏನೂ ಆಗದೆ ಇದ್ದುದಕ್ಕೆ ಜಯಲಕ್ಷ್ಮೀಪುರಂನ ಅಜ್ಜಿಯೊಬ್ಬರು ಹೊಸ ಮೌಸ್ ತರಿಸಿದ್ದರು. ಖಾಲಿ ಸಾಲಿಗೆ ಒಂದು ಎಲೆ ಇಟ್ಟ ಕೂಡಲೇ ಹಳೆಯ ಮೌಸಿನಲ್ಲೇ ಕಟ್ಟು ಹಂಚಿಕೊಂಡಿತು.

ಸುಳಿವಿನ ಗುಂಡಿಯ ಬಗ್ಗೆಯೂ ಒಂದು ಮಾತು. ಅದು ತೋರಿಸುವುದು ನಿಯಮ ಒಪ್ಪುವ ಒಂದು ನಡೆಯನ್ನು. ಅದು ಒಳ್ಳೆಯ ನಡೆಯೇ ಆಗಿರಬೇಕೆಂದಿಲ್ಲ. ಸುಳಿವು ಕೇಳಿ ಸೋತವರು ಆಟ ಕೆಟ್ಟಿದೆ ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಗಳಿಸಿದ್ದೆಲ್ಲ ಮಾಯವಾದಾಗ

ಇದು ನಿಜವಾದ ನೋವಿನ ದೂರು. ಇಲ್ಲಿ ಆತುರ ಬೇಡ. ಎಷ್ಟೋ ಸಲ ಆಟದ ಪ್ರಗತಿ ಎಲ್ಲಿಯೂ ಹೋಗಿರುವುದಿಲ್ಲ, ಆಟ ಬೇರೆ ಕಡೆ ನೋಡುತ್ತಿರುತ್ತದೆ.

ಮೊದಲು ಆಟದೊಳಗಿನ ಆಟಗಾರನ ಹೆಸರನ್ನು ನೋಡಿ. ಮೊಮ್ಮಗ ತನ್ನ ಹೆಸರಿನಲ್ಲಿ ಹೊಸ ಖಾತೆ ತೆರೆದು ಆಡಿ ಹೋಗಿರಬಹುದು. ಆಮೇಲೆ ವಿಂಡೋಸಿನ ಖಾತೆ. ಒಂದೇ ಕಂಪ್ಯೂಟರಿನಲ್ಲಿ ಎರಡು ಖಾತೆಗಳಿದ್ದರೆ ಎರಡಕ್ಕೂ ಬೇರೆ ಬೇರೆ ಪ್ರಗತಿ ಇರುತ್ತದೆ. ಮೂರನೆಯದು ಸ್ವಲ್ಪ ಸೂಕ್ಷ್ಮ. ಹಳೆಯ ಆಟಗಳು ತಮ್ಮ ಪ್ರಗತಿಯನ್ನು ಪ್ರೋಗ್ರಾಂ ಫೈಲ್ಸ್ ಎಂಬ ಕೋಶದಲ್ಲೇ (ಫೋಲ್ಡರಿನಲ್ಲೇ) ಬರೆಯಲು ನೋಡುತ್ತವೆ. ವಿಂಡೋಸ್ ಅದಕ್ಕೆ ಬಿಡದೆ, ಆಟಕ್ಕೆ ತಿಳಿಯದಂತೆ ವರ್ಚುವಲ್‌ಸ್ಟೋರ್ ಎಂಬ ಇನ್ನೊಂದು ಕೋಶಕ್ಕೆ ಆ ಬರಹವನ್ನು ತಿರುಗಿಸುತ್ತದೆ. ಒಂದು ದಿನ ಯಾರೋ ಅದೇ ಆಟವನ್ನು ಅಡ್ಮಿನಿಸ್ಟ್ರೇಟರ್ ಆಗಿ, ಅಂದರೆ ಹೆಚ್ಚಿನ ಅಧಿಕಾರ ಕೊಟ್ಟು, ತೆರೆದರೆ ಆಟ ಪ್ರೋಗ್ರಾಂ ಫೈಲ್ಸ್‌ನಲ್ಲಿಯೇ ನೋಡುತ್ತದೆ, ಅಲ್ಲಿ ಏನೂ ಸಿಗದೆ ಒಂದನೇ ಹಂತದಿಂದ ಶುರು ಮಾಡುತ್ತದೆ. ಹೀಗೆ ಎರಡು ಪ್ರಗತಿಗಳು ಬೆಳೆಯುತ್ತವೆ. ಪರಿಹಾರ ಸುಲಭ: ಮೊದಲು ಹೇಗೆ ತೆರೆಯುತ್ತಿದ್ದಿರೋ ಯಾವಾಗಲೂ ಹಾಗೆಯೇ ತೆರೆಯಿರಿ.

ಈಚಿನ ಆಟಗಳ ಪ್ರಗತಿ ಸಾಮಾನ್ಯವಾಗಿ ಆ್ಯಪ್‌ಡೇಟಾ ಎಂಬ ಅಡಗಿದ ಕೋಶದಲ್ಲೋ ಡಾಕ್ಯುಮೆಂಟ್ಸ್ ಕೋಶದಲ್ಲೋ ಇರುತ್ತದೆ. ವಿಂಡೋಸ್ ಕೀಲಿಯ ಜೊತೆ ಆರ್ ಕೀಲಿ ಒತ್ತಿ, ಬರುವ ಚೌಕದಲ್ಲಿ ಆ್ಯಪ್‌ಡೇಟಾ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜಾಗ ಬಿಡದೆ ಬರೆದು, ಹಿಂದೆ ಮುಂದೆ ಒಂದೊಂದು ಶೇಕಡಾ ಚಿಹ್ನೆ ಹಾಕಿದರೆ ಅದರೊಳಗಿನ ರೋಮಿಂಗ್ ಎಂಬ ಕೋಶ ತೆರೆಯುತ್ತದೆ. ಆಟದ ಅಥವಾ ಕಂಪನಿಯ ಹೆಸರಿನ ಕೋಶವನ್ನು ಹುಡುಕಿ, ಏನೂ ಮುಟ್ಟುವ ಮೊದಲು ಇಡೀ ಕೋಶವನ್ನು ಪೆನ್ ಡ್ರೈವಿಗೆ ನಕಲು ಮಾಡಿ. ನಕಲು ಆದ ಮೇಲೆ ಫೈಲುಗಳ ಗಾತ್ರ ನೋಡಿ. ಪ್ರಗತಿಯ ಫೈಲಿನ ಗಾತ್ರ ಸೊನ್ನೆ ಎಂದಿದ್ದರೆ ಆಟ ಅದನ್ನು ಬರೆಯುತ್ತಿದ್ದ ಹೊತ್ತಿನಲ್ಲಿ ಕರೆಂಟು ಹೋಗಿದೆ, ಅಥವಾ ಯಾರೋ ಗುಂಡಿ ಒತ್ತಿ ಆರಿಸಿದ್ದಾರೆ. ಮಳೆಗಾಲದಲ್ಲಿ ಯುಪಿಎಸ್ ಇಲ್ಲದ ಕಂಪ್ಯೂಟರುಗಳಲ್ಲಿ ಇದನ್ನು ಕಾಣುತ್ತಲೇ ಇರುತ್ತೇನೆ. ಅದೇ ಕೋಶದಲ್ಲಿ ಅದೇ ಹೆಸರಿನ, ಕೊನೆಯಲ್ಲಿ ಬಿಎಕೆ ಅಥವಾ ಓಲ್ಡ್ ಎಂದಿರುವ ಇನ್ನೊಂದು ಫೈಲು ಇದ್ದರೆ ನಿಮ್ಮ ಅದೃಷ್ಟ. ಸೊನ್ನೆಯ ಫೈಲಿಗೆ ಬೇರೆ ಹೆಸರಿಟ್ಟು, ಈ ಹಳೆಯದರ ನಕಲಿಗೆ ಅದರ ಹೆಸರು ಕೊಡಿ. ಒಂದೆರಡು ಹಂತ ಹಿಂದೆ ಬೀಳಬಹುದು, ಉಳಿದದ್ದು ಬರುತ್ತದೆ.

ಇನ್ನೊಂದು ಬಗೆಯಿದೆ. ಆಡುವಾಗ ಎಲ್ಲ ಸರಿ, ಮುಚ್ಚಿ ತೆರೆದರೆ ಪ್ರತಿ ಸಲವೂ ಒಂದನೇ ಹಂತ. ಇದು ಫೈಲು ಕೆಟ್ಟದ್ದಲ್ಲ, ಫೈಲು ಹುಟ್ಟುತ್ತಲೇ ಇಲ್ಲ. ಮಂಡ್ಯದ ನಿವೃತ್ತ ಮೇಷ್ಟರೊಬ್ಬರ ಮನೆಯಲ್ಲಿ ಇದನ್ನು ನೋಡಿದೆ. ಅವರು ಆಟಗಾರನ ಹೆಸರನ್ನು ಕನ್ನಡದಲ್ಲಿ ಬರೆದಿದ್ದರು. ಪರದೆಯಲ್ಲಿ ಹೆಸರಿನ ಜಾಗದಲ್ಲಿ ಸಾಲಾಗಿ ಚೌಕಗಳು ಕಾಣುತ್ತಿದ್ದವು.

“ಮೇಷ್ಟರೇ, ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕು” ಎಂದೆ.

“ನನ್ನ ಹೆಸರನ್ನು ಕನ್ನಡದಲ್ಲಿ ಬರೆದರೆ ಇಸ್ಪೀಟಿಗೇನಪ್ಪಾ ಸಂಕಟ?” ಎಂದರು.

ಸಂಕಟ ಇರುವುದು ಹೀಗೆ. ಹಳೆಯ ಬಗೆಯಲ್ಲಿ ಬರೆದ ಆಟಗಳಿಗೆ ಯೂನಿಕೋಡ್, ಅಂದರೆ ಕನ್ನಡವೂ ಸೇರಿ ಎಲ್ಲ ಲಿಪಿಗಳಿಗೆ ಜಾಗವಿರುವ ಅಕ್ಷರಪಟ್ಟಿ, ಗೊತ್ತಿಲ್ಲ. ಕನ್ನಡ ಅಕ್ಷರವನ್ನು ತಮಗೆ ತಿಳಿದ ಅಕ್ಷರಕ್ಕೆ ಬದಲಿಸಲು ಹೋಗಿ, ಸಿಗದೆ, ಪ್ರತಿ ಅಕ್ಷರಕ್ಕೂ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತವೆ. ಆಟಗಾರನ ಹೆಸರಿನಲ್ಲೇ ಪ್ರಗತಿಯ ಫೈಲನ್ನು ತೆರೆಯುವ ಆಟವಾದರೆ ಆ ಫೈಲಿನ ಹೆಸರು ಬರೀ ಪ್ರಶ್ನಾರ್ಥಕಗಳಾಗುತ್ತದೆ. ವಿಂಡೋಸಿನಲ್ಲಿ ಫೈಲಿನ ಹೆಸರಿನೊಳಗೆ ಪ್ರಶ್ನಾರ್ಥಕ ಚಿಹ್ನೆ ಬರುವಂತಿಲ್ಲ. ಫೈಲು ಹುಟ್ಟುವುದಿಲ್ಲ, ಆಟ ಅದನ್ನು ನಿಮಗೆ ಹೇಳುವುದೂ ಇಲ್ಲ. ವಿಂಡೋಸ್ ಖಾತೆಯ ಕೋಶವೇ ಕನ್ನಡ ಹೆಸರಿನಲ್ಲಿದ್ದರೆ ಇದೇ ತೊಂದರೆ ಇನ್ನೂ ದೊಡ್ಡದಾಗುತ್ತದೆ, ಏಕೆಂದರೆ ಆಗ ಆಟಗಾರನ ಹೆಸರು ಇಂಗ್ಲಿಷಿನಲ್ಲಿದ್ದರೂ ಫೈಲಿಗೆ ಹೋಗುವ ದಾರಿಯಲ್ಲಿ ಕನ್ನಡ ಇರುತ್ತದೆ. ಖಾತೆಯ ಹೆಸರನ್ನು ಆಮೇಲೆ ಬದಲಿಸಿದರೂ ಕೋಶದ ಹೆಸರು ಬದಲಾಗುವುದಿಲ್ಲ. ಅದು ಖಾತೆ ಹುಟ್ಟಿದ ದಿನ ಇದ್ದಂತೆಯೇ ಉಳಿಯುತ್ತದೆ. ಕಂಟ್ರೋಲ್ ಪ್ಯಾನೆಲಿನಲ್ಲಿ ಭಾಷೆಯನ್ನು ಕನ್ನಡ ಮಾಡಿದರೆ ಸರಿಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ, ಹೋಗುವುದಿಲ್ಲ. ಹಳೆಯ ಪ್ರೋಗ್ರಾಂಗಳಿಗಾಗಿ ವಿಂಡೋಸ್ ಇಟ್ಟುಕೊಂಡಿರುವ ಅಕ್ಷರಪಟ್ಟಿಗಳಲ್ಲಿ ಕನ್ನಡದ್ದೇ ಆದ ಪಟ್ಟಿ ಇಲ್ಲ. ಆಟಕ್ಕೆಂದೇ ಇಂಗ್ಲಿಷ್ ಅಕ್ಷರದ ಒಂದು ಹೊಸ ಖಾತೆ ತೆರೆಯುವುದು ನೇರ ದಾರಿ.

ಮೇಷ್ಟರು ಒಪ್ಪಿಕೊಂಡರು, ಸಮಾಧಾನವಾಗಲಿಲ್ಲ. ಅವರ ಸಿಟ್ಟು ನ್ಯಾಯವಾದದ್ದೇ. ದುಡ್ಡು ಕೊಟ್ಟು ಕೊಂಡ ಆಟ ಕೊಂಡವನ ಲಿಪಿಯನ್ನು ಒಪ್ಪದೆ ಇರುವುದು ಆಟ ಮಾಡಿದವರ ದೋಷ, ಆಡುವವರದ್ದಲ್ಲ.

ಹೆಸರು ಇಂಗ್ಲಿಷಿನಲ್ಲಿದ್ದೂ ಫೈಲು ಹುಟ್ಟದಿದ್ದರೆ ವಿಂಡೋಸ್ ಸೆಕ್ಯುರಿಟಿಯಲ್ಲಿ ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ಎಂಬುದನ್ನು ನೋಡಿ. ಅದು ತಾನಾಗಿ ಚಾಲೂ ಇರುವುದಿಲ್ಲ, ಆದರೆ ಯಾರಾದರೂ ಚಾಲೂ ಮಾಡಿದ್ದರೆ ಪರಿಚಯವಿಲ್ಲದ ಪ್ರೋಗ್ರಾಂಗಳು ಡಾಕ್ಯುಮೆಂಟ್ಸ್ ಕೋಶಕ್ಕೆ ಬರೆಯದಂತೆ ತಡೆಯುತ್ತದೆ. ಅದನ್ನು ನಿಲ್ಲಿಸುವ ಬದಲು, ಅಲ್ಲಿಯೇ ಇರುವ ಅನುಮತಿಯ ಪಟ್ಟಿಗೆ ಆಟವನ್ನು ಸೇರಿಸಿ.

ಉಡುಗೊರೆ ಡಬ್ಬ ತೆರೆಯದಿದ್ದರೆ ಗಡಿಯಾರ ನೋಡಿ

ಡಿಸೆಂಬರ್ ತಿಂಗಳಲ್ಲಿ ದಿನಕ್ಕೊಂದು ಡಬ್ಬ ತೆರೆಯುವ ಆಟಗಳು ಪೂರ್ತಿ ದಿನಾಂಕದ ಮೇಲೆ ನಿಂತಿವೆ. ಬಾಗಿಲು ತೆರೆಯಲಿಲ್ಲ ಎಂದರೆ ಎರಡೇ ಪ್ರಶ್ನೆ: ಕಂಪ್ಯೂಟರಿನ ದಿನಾಂಕ ಸರಿಯಿದೆಯೇ, ಆಟ ಯಾರ ಗಡಿಯಾರವನ್ನು ನೋಡುತ್ತಿದೆ?

ಎರಡನೆಯದನ್ನು ಮೊದಲು ಮುಗಿಸುತ್ತೇನೆ. ಇಂಟರ್‌ನೆಟ್ ಮೂಲಕ ಕಂಪನಿಯ ಸರ್ವರನ್ನು ಕೇಳುವ ಆಟಗಳಿಗೆ ನಮ್ಮ ಮಧ್ಯರಾತ್ರಿ ಲೆಕ್ಕಕ್ಕಿಲ್ಲ. ಸರ್ವರ್ ವಿಶ್ವಕಾಲಮಾನದಲ್ಲಿ ನಡೆಯುತ್ತಿದ್ದರೆ ಹೊಸ ದಿನ ನಮಗೆ ಬೆಳಗಿನ 5:30ಕ್ಕೆ ಬರುತ್ತದೆ. ಅಮೆರಿಕದ ಪಶ್ಚಿಮ ಕರಾವಳಿಯ ಕಾಲಮಾನವಾದರೆ ಚಳಿಗಾಲದಲ್ಲಿ ಮಧ್ಯಾಹ್ನ 1:30ಕ್ಕೆ. ಅಂದರೆ 25ನೇ ತಾರೀಖಿನ ಡಬ್ಬವನ್ನು ಬೆಳಿಗ್ಗೆ ಎದ್ದು ತೆರೆಯಲು ಕುಳಿತವರಿಗೆ ಅದು ಮಧ್ಯಾಹ್ನದ ಊಟ ಆದ ಮೇಲೆ ಸಿಗುತ್ತದೆ. ಒಂದು ದಿನ ಯಾವ ಹೊತ್ತಿಗೆ ತೆರೆಯಿತೆಂದು ಗುರುತು ಹಾಕಿಕೊಂಡರೆ ಮುಂದೆ ತಲೆಬಿಸಿಯಿಲ್ಲ.

ಇಂಟರ್‌ನೆಟ್ ಇಲ್ಲದ ಮೇಜಿನ ಕಂಪ್ಯೂಟರುಗಳಲ್ಲಿ ದೋಷ ಸಾಮಾನ್ಯವಾಗಿ ಒಳಗಿನ ಮುಖ್ಯ ಹಲಗೆಯಾದ ಮದರ್‌ಬೋರ್ಡಿನ ಮೇಲಿರುವ ಪುಟ್ಟ ಬ್ಯಾಟರಿಯದು. ರಾತ್ರಿ ಗೋಡೆಯ ಸ್ವಿಚ್ ಆರಿಸುವುದು ನಮ್ಮ ಮನೆಗಳ ರೂಢಿ. ಆಗ ಗಡಿಯಾರವನ್ನು ನಡೆಸುವುದು ಆ ಬ್ಯಾಟರಿ ಒಂದೇ. ಅದು ತೀರಿದರೆ ಬೆಳಿಗ್ಗೆ ಕಂಪ್ಯೂಟರ್ ಯಾವುದೋ ಹಳೆಯ ಇಸವಿಯ ಜನವರಿ 1ಕ್ಕೆ ಎದ್ದಿರುತ್ತದೆ, ಆಟ ಡಿಸೆಂಬರಿನ ಡಬ್ಬಗಳನ್ನು ಮುಚ್ಚಿಕೊಳ್ಳುತ್ತದೆ. ಗುರುತು ಹಿಡಿಯುವುದು ಹೀಗೆ: ದಿನಾಂಕ ಸರಿಪಡಿಸಿ, ಕಂಪ್ಯೂಟರನ್ನು ಆರಿಸಿ, ಗೋಡೆಯ ಸ್ವಿಚ್ ಹಾಕಿಯೇ ಒಂದು ರಾತ್ರಿ ಬಿಡಿ. ಬೆಳಿಗ್ಗೆ ದಿನಾಂಕ ಸರಿಯಿದ್ದು, ಮಾರನೆಯ ರಾತ್ರಿ ಸ್ವಿಚ್ ಆರಿಸಿದಾಗ ತಪ್ಪಿದರೆ ಬ್ಯಾಟರಿಯೇ ಕಾರಣ. ಇಂಟರ್‌ನೆಟ್ ಇರುವ ಮನೆಯಲ್ಲಿ ಇದರ ಜೊತೆಗೆ ಇನ್ನೊಂದು ಲಕ್ಷಣ ಸೇರಿಕೊಳ್ಳುತ್ತದೆ: ಬ್ರೌಸರಿನಲ್ಲಿ ಯಾವ ಪುಟ ತೆರೆದರೂ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬರುತ್ತದೆ.

ಬ್ಯಾಟರಿಯ ಹೆಸರು ಸಿಆರ್2032, 3 ವೋಲ್ಟಿನದು, ಗಡಿಯಾರ ರಿಪೇರಿಯವರ ಬಳಿಯೂ ಸಿಗುತ್ತದೆ. ತಂತಿ ಕಿತ್ತು, ಹಳೆಯದನ್ನು ಎತ್ತಿ, ಅದು ಹೇಗೆ ಕುಳಿತಿತ್ತೋ ಹಾಗೆಯೇ ಹೊಸದನ್ನು ಕೂರಿಸಬೇಕು. ಕೈ ನಡುಗುವವರು ಈ ಕೆಲಸವನ್ನು ಬೇರೆಯವರಿಗೆ ಬಿಡುವುದು ಒಳ್ಳೆಯದು. ಲ್ಯಾಪ್‌ಟಾಪ್ ಆದರೆ ಖಂಡಿತ ಬಿಡಿ.

ನಾಳೆಯ ಉಡುಗೊರೆಯನ್ನು ಇಂದೇ ಪಡೆಯಲು ದಿನಾಂಕವನ್ನು ಮುಂದಕ್ಕೆ ತಿರುಗಿಸುವವರೂ ಇದ್ದಾರೆ. ಮೊಮ್ಮಕ್ಕಳು ಇದರಲ್ಲಿ ನಿಪುಣರು. ಹಲವು ಆಟಗಳು ತಾವು ಕೊನೆಗೆ ಕಂಡ ದಿನಾಂಕವನ್ನು ಬರೆದಿಟ್ಟುಕೊಳ್ಳುತ್ತವೆ. ದಿನಾಂಕವನ್ನು ಹಿಂದಕ್ಕೆ ತಂದರೆ ಆ ದಿನ ನಿಜವಾಗಿ ಬರುವವರೆಗೆ ಡಬ್ಬ ತೆರೆಯುವುದಿಲ್ಲ. ಇದಕ್ಕೆ ಔಷಧವಿಲ್ಲ, ಕಾಯಬೇಕು.

ಒತ್ತಿದ್ದು ಒಂದು ಎಲೆ, ಎದ್ದದ್ದು ಇನ್ನೊಂದು

ಒಂದು ಸಲ ಒತ್ತಿದರೆ ಕಟ್ಟಿನಿಂದ ಎರಡು ಎಲೆ ಮಗುಚಿಕೊಳ್ಳುತ್ತವೆ ಎಂದರೆ ಮೌಸಿನ ಎಡಗುಂಡಿಯ ಒಳಗಿನ ಸ್ವಿಚ್ ಸವೆದಿದೆ. ಒಂದು ಒತ್ತಿಗೆ ಎರಡು ಸಂಕೇತ ಹೋಗುತ್ತದೆ. ಆಟ ಮುಚ್ಚಿ, ಯಾವುದಾದರೂ ಕೋಶದ ಮೇಲೆ ಒಂದೇ ಸಲ ನಿಧಾನವಾಗಿ ಒತ್ತಿ ನೋಡಿ. ಅದು ತೆರೆದುಕೊಂಡರೆ ಬೇರೆ ಸಾಕ್ಷಿ ಬೇಡ. ಎಲೆಯನ್ನು ಎಳೆದು ತರುವಾಗ ಅರ್ಧ ದಾರಿಯಲ್ಲಿ ಬಿಟ್ಟುಬಿಡುವುದೂ ಇದರದ್ದೇ ಲಕ್ಷಣ. ಮೌಸ್ ಬದಲಿಸಿ. ಸ್ವಿಚ್ ಬೆಸುಗೆ ಹಾಕಿಸುವ ಕೂಲಿಗೆ ಹೊಸ ಮೌಸೇ ಬರುತ್ತದೆ.

ಒತ್ತಿದ ಜಾಗಕ್ಕೂ ಎದ್ದ ಎಲೆಗೂ ಅಂತರವಿದ್ದರೆ, ಆ ಅಂತರ ಪರದೆಯ ಎಡ ಮೇಲ್ತುದಿಯಿಂದ ದೂರ ಹೋದಷ್ಟೂ ಹೆಚ್ಚುತ್ತಿದ್ದರೆ, ಮೌಸಿನ ತಪ್ಪೇನೂ ಇಲ್ಲ. ಹೊಸ ಲ್ಯಾಪ್‌ಟಾಪುಗಳಲ್ಲಿ ಅಕ್ಷರ ದೊಡ್ಡದಾಗಿ ಕಾಣಲೆಂದು ಇಡೀ ಪರದೆಯನ್ನು 125 ಅಥವಾ 150 ಪ್ರತಿಶತಕ್ಕೆ ಹಿಗ್ಗಿಸಿರುತ್ತಾರೆ. ಹಳೆಯ ಆಟಕ್ಕೆ ಇದು ತಿಳಿಯುವುದಿಲ್ಲ. ಚಿತ್ರ ಹಿಗ್ಗುತ್ತದೆ, ಒತ್ತುವ ಜಾಗದ ಲೆಕ್ಕ ಹಿಗ್ಗುವುದಿಲ್ಲ. ಆಟದ ಚಿಹ್ನೆಯ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಅಲ್ಲಿಂದ ಹೈ ಡಿಪಿಐ ಸೆಟ್ಟಿಂಗ್ಸ್‌ಗೆ ಹೋಗಿ, ಕೆಳಗಿರುವ ಚೌಕಕ್ಕೆ ಗುರುತು ಹಾಕಿ ಅದರ ಮುಂದೆ ಅಪ್ಲಿಕೇಶನ್ ಎಂಬುದನ್ನು ಆರಿಸಿ. ಆಟದ ಅರ್ಧ ಮೇಜು ಪರದೆಯ ಆಚೆಗೆ ಹೋಗಿ ಕೆಳಗಿನ ಗುಂಡಿಗಳು ಕಾಣದಿದ್ದರೂ ಮದ್ದು ಇದೇ.

ಕೆಂಪು ಯಾವುದು, ಕಪ್ಪು ಯಾವುದು ಎಂದು ಗೊತ್ತಾಗದೆ ತಪ್ಪು ಎಲೆ ಒತ್ತುವವರ ಕಷ್ಟ ಬೇರೆ. ಹಬ್ಬದ ಎಲೆಗಳಲ್ಲಿ ಕಳಾವರ್ ಇರುವ ಜಾಗದಲ್ಲಿ ಹಸಿರು ಮರ, ಆಟೀನಿನ ಜಾಗದಲ್ಲಿ ಗಂಟೆ, ಎಲ್ಲದರ ಮೇಲೂ ಹಿಮದ ಪುಡಿ. ಸೊಗಸಾಗಿದೆ, ಆಡಲು ಆಗುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಸಾಮಾನ್ಯ ಎಲೆ ಅಥವಾ ದೊಡ್ಡ ಅಕ್ಷರದ ಎಲೆ ಇದ್ದರೆ ಅದನ್ನು ಆರಿಸಿ. ಸಂಜೆ ಮಾತ್ರ ಈ ಗೊಂದಲವಾದರೆ ವಿಂಡೋಸಿನ ನೈಟ್ ಲೈಟ್ ಪರದೆಯನ್ನು ಹಳದಿ ಮಾಡುತ್ತಿದೆ.

ಆಟ ತೆರೆಯುವುದೇ ಇಲ್ಲ

ಡಿ3ಡಿಎಕ್ಸ್9 ಎಂದು ಶುರುವಾಗುವ, ಡಿಎಲ್‌ಎಲ್ ಎಂದು ಮುಗಿಯುವ ಹೆಸರಿನ ಫೈಲು ಇಲ್ಲ ಎಂದು ಬರೆದು ಬಂದರೆ, ಆ ಹೆಸರನ್ನು ಹುಡುಕಿ ಸಿಕ್ಕ ಸಿಕ್ಕ ತಾಣದಿಂದ ಆ ಒಂದು ಫೈಲನ್ನು ಇಳಿಸಿಕೊಳ್ಳಬೇಡಿ. ವೈರಸ್ ಬರುವ ದೊಡ್ಡ ದಾರಿ ಅದು. ಅದು ಆಟಗಳ ಚಿತ್ರ, ಸದ್ದು ನಡೆಸುವ ಡೈರೆಕ್ಟ್‌ಎಕ್ಸ್ 9ರ ಪೂರಕ ಭಾಗ, ಹೊಸ ವಿಂಡೋಸಿನೊಂದಿಗೆ ಬರುವುದಿಲ್ಲ. ಮೈಕ್ರೋಸಾಫ್ಟ್ 2010ರ ಜೂನ್‌ನಲ್ಲಿ ಹೊರತಂದ ಡೈರೆಕ್ಟ್‌ಎಕ್ಸ್ ರನ್‌ಟೈಮ್ ಹಾಕಿಕೊಂಡರೆ ಇಡೀ ಗುಂಪು ಒಟ್ಟಿಗೆ ಬರುತ್ತದೆ.

ಕಪ್ಪು ಪರದೆ ಬಂದು ಸಂಗೀತ ಮಾತ್ರ ಕೇಳಿದರೆ ಆಲ್ಟ್ ಮತ್ತು ಎಂಟರ್ ಒಟ್ಟಿಗೆ ಒತ್ತಿ. ಬಹಳಷ್ಟು ಆಟಗಳು ಪೂರ್ಣ ಪರದೆಯಿಂದ ಕಿಟಕಿಗೆ ಇಳಿಯುತ್ತವೆ, ಚಿತ್ರ ಬರುತ್ತದೆ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಕಿಟಕಿಯಲ್ಲೇ ಆಡುವಂತೆ ಉಳಿಸಿಕೊಳ್ಳಿ. ಆಡುತ್ತಿರುವಾಗ ಬೇರೆ ಪ್ರೋಗ್ರಾಂಗೆ ಹೋಗಿ ಮರಳಿದಾಗ ಕಪ್ಪಾಗುವವರಿಗೂ ಇದು ಅನ್ವಯಿಸುತ್ತದೆ. ಪರದೆಯ ಎಡಬಲಕ್ಕೆ ಕಪ್ಪು ಪಟ್ಟಿ ಇರುವುದು ಮಾತ್ರ ದೋಷವಲ್ಲ, 1024ಕ್ಕೆ 768 ಅಳತೆಯ ಆಟ ಅಗಲ ಪರದೆಯಲ್ಲಿ ಹಾಗೆಯೇ ಕಾಣಬೇಕು. ಹಿಗ್ಗಿಸಿದರೆ ರಾಣಿಯರೆಲ್ಲ ದಪ್ಪಗಾಗುತ್ತಾರೆ.

ಸದ್ದು ಬರದಿದ್ದರೆ ಟಿವಿಗೆ ಹೋಗುವ ತಂತಿ ಕಿತ್ತು ನೋಡಿ. ಸದ್ದು ಟಿವಿಯ ಕಡೆ ಹೋಗಿರುತ್ತದೆ. ಬ್ಲೂಟೂತ್ ಹೆಡ್‌ಫೋನಿನಲ್ಲಿ ಎಲೆ ಬಿದ್ದ ಮೇಲೆ ಸದ್ದು ಕೇಳುವುದು ಸಹಜ.

ಮೊಬೈಲಿನಲ್ಲಿ ಆಡುವವರಿಗೆ ಒಂದೇ ಎಚ್ಚರಿಕೆ. ಆಟ ನಿಧಾನವಾದಾಗ ಸೆಟ್ಟಿಂಗ್ಸ್‌ನಲ್ಲಿ ಎರಡು ಗುಂಡಿಗಳು ಅಕ್ಕಪಕ್ಕ ಸಿಗುತ್ತವೆ. ಕ್ಯಾಷೆ, ಅಂದರೆ ಆಟ ತಾತ್ಕಾಲಿಕವಾಗಿ ಇಟ್ಟುಕೊಂಡ ಫೈಲುಗಳನ್ನು, ಅಳಿಸಬಹುದು, ಡೇಟಾ ಅಳಿಸಬಾರದು. ಎರಡನೆಯದನ್ನು ಒತ್ತಿದರೆ, ಪ್ರಗತಿಯನ್ನು ಇಮೇಲ್ ಖಾತೆಗೆ ಜೋಡಿಸಿರದಿದ್ದಲ್ಲಿ, ನಾಣ್ಯವೂ ಇಲ್ಲ, ಮನೆಯೂ ಇಲ್ಲ.

ಇಷ್ಟೆಲ್ಲ ಆದ ಮೇಲೂ ಸರಿಹೋಗದೆ ಆಟ ಮಾಡಿದ ಕಂಪನಿಗೆ ಬರೆಯುವುದಾದರೆ “ಆಟ ಓಡುತ್ತಿಲ್ಲ” ಎಂದಷ್ಟೇ ಬರೆದರೆ ಅವರು ತೆಗೆದುಹಾಕಿ ಮತ್ತೆ ಹಾಕಿ ಎಂದೇ ಉತ್ತರಿಸುತ್ತಾರೆ. ವಿಂಡೋಸಿನ ಆವೃತ್ತಿ, ಆಟದ ಆವೃತ್ತಿ, ಹಂತದ ಸಂಖ್ಯೆ, ಹಿಮ ನಿಂತಿತ್ತೇ ಬೀಳುತ್ತಿತ್ತೇ ಎಂಬ ವಿವರ, ಪರದೆಯ ಚಿತ್ರ, ಭಾರತೀಯ ಕಾಲಮಾನದಲ್ಲಿ ಅದು ನಡೆದ ಹೊತ್ತು, ಇಷ್ಟನ್ನು ಬರೆಯಿರಿ. ಹೆಸರು ಕನ್ನಡದಲ್ಲಿದ್ದುದರಿಂದ ಫೈಲು ಹುಟ್ಟದೆ ಹೋಗಿದ್ದರೆ, ಈಗ ನಿಮಗೆ ದಾರಿ ಸಿಕ್ಕಿದ್ದರೂ ಅದನ್ನು ತಪ್ಪದೆ ತಿಳಿಸಿ. ಮಂಡ್ಯದ ಮೇಷ್ಟರು ತಿಳಿಸಿದ್ದಾರೆ. ಪತ್ರದ ಕೊನೆಗೆ ಸಹಿಯನ್ನು ಕನ್ನಡದಲ್ಲೇ ಹಾಕಿದ್ದಾರೆ.